ಮೌನದ ಆಟಕ್ಕೆ ಹಿನ್ನೆಲೆ ಸಂಗೀತ

ಗಾಲ್ಫ್ ಅಂದಕೂಡಲೇ ನಮ್ಮವರಿಗೆ ಎರಡು ವಿಷಯ ನೆನಪಾಗುತ್ತವೆ. ಒಂದು ದುಡ್ಡು, ಇನ್ನೊಂದು ಮೌನ. ದುಡ್ಡಿನ ವಿಷಯ ಬಿಡಿ, ಅದನ್ನು ದಿನವಿಡೀ ಬ್ಯಾಂಕಿನಲ್ಲಿ ಎಣಿಸಿ ಸಾಕಾಗಿದೆ. ಇವತ್ತು ಬರೆಯಬೇಕೆಂದಿರುವುದು ಆ ಮೌನದ ಬಗ್ಗೆ. ಕ್ರಿಕೆಟ್‌ನಲ್ಲಿ ಬೌಲರ್ ಓಡಿ ಬರುವಾಗ ಐವತ್ತು ಸಾವಿರ ಜನ ಕಿರುಚುತ್ತಾರೆ, ಬ್ಯಾಟ್ಸ್‌ಮನ್ ತಲೆ ಕೆಡಿಸಿಕೊಳ್ಳುವುದಿಲ್ಲ. ಕಬಡ್ಡಿಯಲ್ಲಂತೂ ಆಟಗಾರನೇ ಶಬ್ದ ಮಾಡಬೇಕು! ಗಾಲ್ಫ್‌ನಲ್ಲಿ ಮಾತ್ರ, ನೆಲದ ಮೇಲೆ ಸುಮ್ಮನೆ ಕೂತಿರುವ ಒಂದು ಪುಟ್ಟ ಬಿಳಿ ಚೆಂಡನ್ನು ಹೊಡೆಯುವುದಕ್ಕೆ ಸುತ್ತಲಿನ ಜಗತ್ತೆಲ್ಲ ಉಸಿರು ಬಿಗಿಹಿಡಿದು ನಿಲ್ಲಬೇಕು. ಹಿಂದೆ ಯಾರೋ ಕೆಮ್ಮಿದರೂ ಸಾಕು, ಆಟಗಾರ ತಿರುಗಿ ನೋಡುವ ನೋಟವಿದೆಯಲ್ಲ, ನಮ್ಮ ಆಡಿಟರ್‌ಗಳಿಗೂ ಅದು ಬರುವುದಿಲ್ಲ.

ಇಂಥಾ ಆಟದ ಅಂಗಳಕ್ಕೆ ಈಗ ಹಾಡು ಬಂದಿದೆ. ಬ್ಲೂಟೂತ್ ಸ್ಪೀಕರನ್ನು ಗಾಡಿಗೆ ಅಂಟಿಸಿಕೊಂಡು, ಹಾಡು ಹಾಕಿಕೊಂಡು ಹದಿನೆಂಟು ಕುಳಿ ಆಡುವವರು ಈಗ ಇದ್ದಾರೆ. ಹಳಬರಿಗೆ ಸಿಟ್ಟು, ಹೊಸಬರಿಗೆ ಖುಷಿ. ಈ ಜಗಳದ ಹಿಂದೆ ಒಂದು ಇತಿಹಾಸವಿದೆ, ಅದು ನಾವು ಅಂದುಕೊಂಡಷ್ಟು ಸರಳವಾಗಿಲ್ಲ.

ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ. ನಾನು ಗಾಲ್ಫ್ ಆಟಗಾರನಲ್ಲ. ಕುಂದಾಪುರದ ಕಡೆಯವನು, ಬಿಕಾಂ ಮುಗಿಸಿ ಬ್ಯಾಂಕು ಸೇರಿ, ವರ್ಗವಾಗಿ ಮುಂಬಯಿಗೆ ಬಂದು ಮೂವತ್ತು ವರ್ಷವಾಯಿತು. ಇರುವುದು ಚೆಂಬೂರಿನಲ್ಲಿ. ಇಲ್ಲಿ ನಮ್ಮ ಕನ್ನಡದವರೂ ಬೇಕಾದಷ್ಟು, ಜೊತೆಗೆ ಒಂದು ದೊಡ್ಡ ಗಾಲ್ಫ್ ಮೈದಾನವೂ ಇದೆ. ದೊಡ್ಡ ಸಾಲಗಳ ವಿಭಾಗದಲ್ಲಿದ್ದಾಗ ಗ್ರಾಹಕರು ಕರೆದಲ್ಲಿಗೆ ಹೋಗಬೇಕಾಗುತ್ತಿತ್ತು. ಹಾಗೆ ಬೇರೆ ಬೇರೆ ಊರುಗಳ ಗಾಲ್ಫ್ ಮೈದಾನಗಳಲ್ಲಿ ಅವರ ಹಿಂದೆ ನಡೆದು ನಡೆದು ಆಟ ನೋಡುವುದು ಅಭ್ಯಾಸವಾಯಿತು. ಆಮೇಲೆ ಓದುವ ಹುಚ್ಚು ಹಿಡಿಯಿತು.

ಡಂಗುರದಿಂದ ಶುರುವಾದ ಆಟ

ಗಾಲ್ಫ್ ಹುಟ್ಟಿ ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ. 1457ರಲ್ಲೇ ಅಲ್ಲಿಯ ದೊರೆ ಎರಡನೇ ಜೇಮ್ಸ್‌ನ ಕಾಲದಲ್ಲಿ ಫುಟ್‌ಬಾಲ್ ಮತ್ತು ಗಾಲ್ಫ್ ಎರಡನ್ನೂ ನಿಷೇಧಿಸಿ ಶಾಸನ ಹೊರಡಿಸಿದ್ದರು. ಕಾರಣ, ಜನ ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ಟು ಈ ಆಟಗಳಲ್ಲಿ ಮುಳುಗಿದ್ದರು! ಫುಟ್‌ಬಾಲ್ ಜೊತೆ ಒಂದೇ ಸಾಲಿನಲ್ಲಿ ಹೆಸರು ಬಂದಿದೆ ಅಂದಮೇಲೆ ಆಗಿನ ಗಾಲ್ಫ್ ಅಷ್ಟೇನೂ ಸಂಭಾವಿತರ ಆಟವಾಗಿರಲಿಕ್ಕಿಲ್ಲ.

ಲಿಖಿತ ನಿಯಮಗಳು ಬಂದದ್ದು 1744ರಲ್ಲಿ, ಎಡಿನ್‌ಬರೊ ಬಳಿಯ ಲೀತ್ ಎಂಬಲ್ಲಿ. ಬಹುಮಾನ ಒಂದು ಬೆಳ್ಳಿಯ ಗಾಲ್ಫ್ ಕೋಲು. ಪಂದ್ಯದ ದಿನವನ್ನು ಊರಿನಲ್ಲಿ ಡೋಲು ಬಾರಿಸಿ ಸಾರುತ್ತಿದ್ದರಂತೆ, ನಮ್ಮಲ್ಲಿ ಡಂಗುರ ಹೊಡೆಸಿದ ಹಾಗೆ. ಆ ಮೊದಲ ನಿಯಮಾವಳಿಯಲ್ಲಿ ಇದ್ದದ್ದು ಬರೀ 13 ನಿಯಮ. ನಾನು ಅವನ್ನು ಓದಿದ್ದೇನೆ. ಚೆಂಡಿಗೆ ಮನುಷ್ಯ, ಕುದುರೆ, ನಾಯಿ ಅಡ್ಡ ಬಂದರೆ ಏನು ಮಾಡಬೇಕು ಅಂತ ಇದೆ. ಕೋಲು ಮುರಿದರೆ ಏನು ಅಂತ ಇದೆ. ಸದ್ದು ಮಾಡಬಾರದು ಅಂತ ಮಾತ್ರ ಎಲ್ಲೂ ಇಲ್ಲ!

ಇರಲು ಸಾಧ್ಯವೂ ಇರಲಿಲ್ಲ ಅನ್ನಿ. ಆಗ ಆಡುತ್ತಿದ್ದದ್ದು ಬೇಲಿ ಹಾಕಿದ ಕ್ಲಬ್ಬಿನಲ್ಲಲ್ಲ, ಊರೊಟ್ಟಿನ ಜಾಗದಲ್ಲಿ. ಗಾಲ್ಫ್‌ನ ಕಾಶಿ ಅಂತ ಕರೆಸಿಕೊಳ್ಳುವ ಸೇಂಟ್ ಆಂಡ್ರೂಸಿನ ಓಲ್ಡ್ ಕೋರ್ಸ್ ಇವತ್ತಿಗೂ ಸಾರ್ವಜನಿಕ ನೆಲ. ಭಾನುವಾರ ಸಾಮಾನ್ಯವಾಗಿ ಆಟವಿಲ್ಲ, ಊರ ಜನ ನಾಯಿ ಕರೆದುಕೊಂಡು ತಿರುಗಾಡುತ್ತಾರೆ. ಹಿಂದೆ ಅಲ್ಲಿಯ ಹೆಂಗಸರು ಮೈದಾನದ ತೊರೆಯಲ್ಲಿ ಬಟ್ಟೆ ಒಗೆದು ಅಲ್ಲೇ ಹರವುತ್ತಿದ್ದರು. ಬಟ್ಟೆ ಒಗೆಯುವ ಜಾಗದಲ್ಲಿ ಮೌನ ಎಲ್ಲಿಂದ ಬರಬೇಕು?

ಆಟಗಾರ ಹೊಡೆಯುವಾಗ ಪಕ್ಕದವರು ಅಲ್ಲಾಡಬಾರದು, ಮಾತಾಡಬಾರದು ಎಂಬ ಮರ್ಯಾದೆಯ ಪಾಠಗಳು ಅಚ್ಚಾದ ನಿಯಮ ಪುಸ್ತಕಗಳಲ್ಲಿ ಗಟ್ಟಿಯಾದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಆಟ ಊರ ಬಯಲಿನಿಂದ ಕ್ಲಬ್ಬಿನ ಬೇಲಿಯೊಳಗೆ ಹೋದ ಕಾಲವೂ ಹೆಚ್ಚುಕಮ್ಮಿ ಅದೇ. ಅಂದರೆ ಬೇಲಿ ಮತ್ತು ಮೌನ ಕೈಕೈ ಹಿಡಿದುಕೊಂಡು ಬಂದವು.

ಭಾರತಕ್ಕೆ ಬಂದದ್ದು ಈ ಬೇಲಿಯೊಳಗಿನ ಆಟವೇ. ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ ನಮ್ಮ ಕೋಲ್ಕತದ್ದು, 1829ರದ್ದು. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಶುರುವಾಯಿತು. ದೊರೆಗಳು ಹೋದರು, ಮೌನದ ಶಿಸ್ತು ಉಳಿಯಿತು. ಸ್ಯಾಂಕಿ ರಸ್ತೆಯ ಕಡೆಯಿಂದ ಹಾರ್ನ್ ಸದ್ದು ಎಷ್ಟು ಬಂದರೂ ಪರವಾಗಿಲ್ಲ, ಒಳಗಿನವರು ಮಾತ್ರ ಪಿಸುಮಾತಿನಲ್ಲೇ ಇರಬೇಕು.

ಗಂಟಲಲ್ಲಿ ಇದ್ದ ಹಾಡು

ಹಾಗಂತ ಗಾಲ್ಫ್‌ಗೂ ಸಂಗೀತಕ್ಕೂ ನಂಟೇ ಇರಲಿಲ್ಲ ಅಂದುಕೊಳ್ಳಬೇಡಿ. ಯಂತ್ರ ಬರುವ ಮೊದಲು ಹಾಡು ಆಟಗಾರನ ಗಂಟಲಲ್ಲೇ ಇತ್ತು. ಅಮೆರಿಕದ ಸ್ಯಾಮ್ ಸ್ನೀಡ್, ಪಿಜಿಎ ಟೂರ್‌ನಲ್ಲಿ 82 ಪಂದ್ಯ ಗೆದ್ದವನು, ಸ್ವಿಂಗ್ ಮಾಡುವಾಗ ಮನಸ್ಸಿನಲ್ಲಿ ವಾಲ್ಟ್ಜ್ ಲಯ ಇಟ್ಟುಕೊಳ್ಳುತ್ತಿದ್ದವನು. ವಾಲ್ಟ್ಜ್ ಅಂದರೆ ಮೂರರ ಎಣಿಕೆ, ನಮ್ಮ ‘ತಕಿಟ ತಕಿಟ’. 1979ರ ಮಾಸ್ಟರ್ಸ್ ಗೆದ್ದ ಫಜಿ ಝೆಲ್ಲರ್ ಮೈದಾನದ ತುಂಬ ಸಿಳ್ಳೆ ಹಾಕುತ್ತಾ ನಡೆಯುವುದಕ್ಕೆ ಹೆಸರಾಗಿದ್ದ.

ಇನ್ನು ಹಾಡುಗಾರರೇ ಗಾಲ್ಫ್‌ಗೆ ಬಂದ ಕಥೆ ಬೇರೆ. ಗಾಯಕ ಬಿಂಗ್ ಕ್ರಾಸ್ಬಿ 1937ರಲ್ಲಿ ತನ್ನ ಸ್ನೇಹಿತರನ್ನೂ ವೃತ್ತಿಪರ ಆಟಗಾರರನ್ನೂ ಸೇರಿಸಿ ಒಂದು ಪಂದ್ಯ ಶುರುಮಾಡಿದ. 1947ರಲ್ಲಿ ಅದು ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ಗೆ ಹೋಯಿತು. ಹಗಲು ಆಟ, ಸಂಜೆ ಊಟ ಮತ್ತು ಹಾಡು. ಆ ಪಂದ್ಯ ಬೇರೆ ಹೆಸರಿನಲ್ಲಿ ಇವತ್ತಿಗೂ ನಡೆಯುತ್ತದೆ. ಕ್ರಾಸ್ಬಿ 1977ರ ಅಕ್ಟೋಬರ್‌ನಲ್ಲಿ ಸತ್ತದ್ದು ಎಲ್ಲಿ ಗೊತ್ತೇ? ಸ್ಪೇನಿನ ಮ್ಯಾಡ್ರಿಡ್ ಬಳಿಯ ಗಾಲ್ಫ್ ಮೈದಾನದಲ್ಲಿ, ಹದಿನೆಂಟು ಕುಳಿ ಆಡಿ ಮುಗಿಸಿ ವಾಪಸು ನಡೆಯುವಾಗ. ಪುಣ್ಯವಂತ!

ಅದೇ ಪೆಬಲ್ ಬೀಚ್ ಸೀಮೆಯ ಸ್ಪ್ಯಾನಿಷ್ ಬೇ ಮೈದಾನದಲ್ಲಿ ಸೂರ್ಯಾಸ್ತದ ಹೊತ್ತಿಗೆ ಬ್ಯಾಗ್‌ಪೈಪ್ ಊದುವ ಪದ್ಧತಿಯಿದೆ. ಸ್ಕಾಟ್ಲೆಂಡಿನ ನೆನಪಿಗೆ. ಬ್ಯಾಗ್‌ಪೈಪಿನ ಸದ್ದು ನಿಮಗೆ ಗೊತ್ತಲ್ಲ, ಅರ್ಧ ಮೈಲಿ ದೂರಕ್ಕೂ ಕೇಳುತ್ತದೆ. ಅದನ್ನು ಯಾರೂ ಗಲಾಟೆ ಅನ್ನುವುದಿಲ್ಲ, ಪರಂಪರೆ ಅನ್ನುತ್ತಾರೆ.

ಟಿವಿಯವರದ್ದು ಇನ್ನೂ ಒಂದು ಕೈ ಮೇಲು. ಅಗಸ್ಟಾದ ಮಾಸ್ಟರ್ಸ್ ಪಂದ್ಯದಲ್ಲಿ ಪ್ರೇಕ್ಷಕರು ಮೊಬೈಲ್ ಫೋನ್ ಒಳಗೆ ಒಯ್ಯುವಂತಿಲ್ಲ, ಅಷ್ಟು ಕಟ್ಟುನಿಟ್ಟು. ಆದರೆ ಮನೆಯಲ್ಲಿ ಕೂತು ನೋಡುವವರಿಗೆ ಅದೇ ಪಂದ್ಯ ಸಂಗೀತದ ಜೊತೆಗೇ ಬರುತ್ತದೆ. ಡೇವ್ ಲಾಗಿನ್ಸ್ ರಚಿಸಿದ ‘ಅಗಸ್ಟಾ’ ಎಂಬ ಮೃದುವಾದ ಧುನ್ 1982ರಿಂದ ಅದರ ಗುರುತಾಗಿಬಿಟ್ಟಿದೆ. 2000ದಲ್ಲಿ ಇನ್ನೊಂದು ತಮಾಷೆ ನಡೆಯಿತು. ಸಿಬಿಎಸ್ ವಾಹಿನಿಯ ಗಾಲ್ಫ್ ಪ್ರಸಾರದಲ್ಲಿ ಕೇಳುತ್ತಿದ್ದ ಹಕ್ಕಿಗಳ ಇಂಚರ ಆ ಜಾಗದ, ಆ ಋತುವಿನ ಹಕ್ಕಿಗಳದ್ದಲ್ಲ ಅಂತ ಪಕ್ಷಿಪ್ರಿಯರು ಪತ್ತೆ ಹಚ್ಚಿದರು. ಧ್ವನಿಮುದ್ರಿತ ಇಂಚರವನ್ನು ಸೇರಿಸುತ್ತಿದ್ದದ್ದನ್ನು ವಾಹಿನಿ ಒಪ್ಪಿಕೊಂಡಿತು. ಗಾಲ್ಫ್‌ನ ಮೌನವನ್ನೂ ಸ್ಟುಡಿಯೋದಲ್ಲಿ ತಯಾರು ಮಾಡುತ್ತಿದ್ದರು ಅಂದ ಹಾಗಾಯಿತಲ್ಲ!

ಜೇಬಿಗೆ ಬಂತು, ಕಿವಿಗೆ ಬಂತು, ಗಾಡಿಗೆ ಬಂತು

ಜೇಬಿನಲ್ಲಿಟ್ಟುಕೊಳ್ಳುವ ಟ್ರಾನ್ಸಿಸ್ಟರ್ ರೇಡಿಯೋ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1954ರಲ್ಲಿ. ಮನೆಯ ಗೂಡಿನಲ್ಲಿದ್ದ ಹಾಡು ಮೊದಲ ಬಾರಿಗೆ ಅಂಗಳ, ಹೊಲ, ಬೀಚು ಎಲ್ಲ ಕಡೆ ನಡೆದುಹೋಯಿತು. ಆದರೆ ಗಾಲ್ಫ್‌ನವರು ಅದನ್ನು ಬಾಗಿಲಲ್ಲೇ ತಡೆದರು. 1979ರ ಜುಲೈ 1ಕ್ಕೆ ಸೋನಿ ವಾಕ್‌ಮನ್ ಬಂತು. ಇದು ಸಮಸ್ಯೆಯನ್ನೇ ಬದಲಿಸಿತು. ಯಾಕೆಂದರೆ ಇದರ ಸದ್ದು ಪಕ್ಕದವನಿಗೆ ಕೇಳುವುದೇ ಇಲ್ಲ, ತೊಂದರೆ ಅನ್ನುವ ಹಾಗಿಲ್ಲ. ಹಾಗಾದರೆ ಆಕ್ಷೇಪಣೆ ಏನು?

ಆಗ ನಿಯಮ ಮಾಡುವವರು ಬೇರೆ ದಾರಿ ಹಿಡಿದರು. ಆಟಗಾರನಿಗೆ ನೆರವಾಗುವ ಕೃತಕ ಸಾಧನ ಬಳಸಬಾರದು ಅಂತ 14-3 ಸಂಖ್ಯೆಯ ನಿಯಮ ಇತ್ತು. ಅದರ ವ್ಯಾಖ್ಯಾನದಲ್ಲಿ, ಹೊಡೆಯುವಾಗ ಅಥವಾ ಬಹಳ ಹೊತ್ತು ಹಾಡು ಕೇಳುತ್ತಿದ್ದರೆ ಅದು ಲಯಕ್ಕೆ ನೆರವಾಗಬಹುದು, ಗಮನ ಚೆದುರದಂತೆ ತಡೆಯಬಹುದು, ಆದ್ದರಿಂದ ತಪ್ಪು ಎಂದರು. ಶಿಕ್ಷೆ ಸಣ್ಣದಲ್ಲ, ಪಂದ್ಯದಿಂದಲೇ ಹೊರಕ್ಕೆ. ಈ ನಿಯಮ ಎಷ್ಟು ಬಿಗಿ ಅನ್ನುವುದಕ್ಕೆ ಉದಾಹರಣೆ: 2010ರಲ್ಲಿ ಜೂಲಿ ಇಂಕ್‌ಸ್ಟರ್ ಎಂಬ ಐವತ್ತು ವರ್ಷದ ಹಿರಿಯ ಆಟಗಾರ್ತಿ, ತನ್ನ ಸರದಿಗೆ ಅರ್ಧ ಗಂಟೆ ಕಾಯಬೇಕಾದಾಗ ಮೈ ಬಿಸಿಯಾಗಿಡಲು ಕೋಲಿಗೆ ಒಂದು ತೂಕದ ಬಳೆ ಹಾಕಿ ತಿರುಗಿಸಿದರು. ಅಷ್ಟಕ್ಕೇ ಇದೇ ನಿಯಮದಡಿ ಅನರ್ಹರಾದರು. ಪಾಪ, ಗೆಲ್ಲುವ ಸಾಲಿನಲ್ಲಿದ್ದರು. 2016ರಲ್ಲಿ ಈ ಶಿಕ್ಷೆಯನ್ನು ಸಡಿಲಿಸಿ, ಮೊದಲ ತಪ್ಪಿಗೆ ದಂಡ ಮಾತ್ರ ಅಂತ ಮಾಡಿದರು.

ಲಯದ ಅನುಮಾನ ಸುಳ್ಳೇನೂ ಅಲ್ಲ. 2004ರಲ್ಲಿ ಜಾನ್ ನೊವೊಸೆಲ್ ‘ಟೂರ್ ಟೆಂಪೊ’ ಎಂಬ ಪುಸ್ತಕ ತಂದರು. ದೊಡ್ಡ ಆಟಗಾರರ ಸ್ವಿಂಗನ್ನು ವಿಡಿಯೋದಲ್ಲಿ ಚೌಕಟ್ಟು ಚೌಕಟ್ಟಾಗಿ ಎಣಿಸಿದರೆ, ಕೋಲು ಹಿಂದಕ್ಕೆ ಹೋಗುವ ಹೊತ್ತಿಗೂ ಮುಂದೆ ಬಂದು ಚೆಂಡಿಗೆ ತಾಗುವ ಹೊತ್ತಿಗೂ 3ಕ್ಕೆ 1ರ ಅನುಪಾತ ಕಾಣುತ್ತದೆ ಎಂಬುದು ಅವರ ವಾದ. ಆ ಲೆಕ್ಕಕ್ಕೆ ಸರಿಯಾಗಿ ಸ್ವರಗಳನ್ನೂ ಅಳವಡಿಸಿ ಅಭ್ಯಾಸಕ್ಕೆ ಕೊಟ್ಟರು. ತಾಳ ಹಾಕಿ ಪಾಠ ಹೇಳುವ ನಮ್ಮ ಮೇಷ್ಟ್ರುಗಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.

2010ರ ಈಚೆಗೆ ಸಣ್ಣ ಬ್ಲೂಟೂತ್ ಸ್ಪೀಕರುಗಳು ಬಂದಮೇಲೆ ಹಾಡು ಕಿವಿಯಿಂದ ಮತ್ತೆ ಹೊರಗೆ ಬಂತು. ಅಮೆರಿಕದಲ್ಲಿ ಹೆಚ್ಚಿನವರು ಬ್ಯಾಟರಿ ಗಾಡಿಯಲ್ಲಿ ಕೂತೇ ಆಡುವುದರಿಂದ ಸ್ಪೀಕರಿಗೆ ಜಾಗವೂ ಸಿಕ್ಕಿತು. 2020ರಲ್ಲಿ ದುರ್ಬೀನು ಮಾಡುವ ಬುಶ್ನೆಲ್ ಕಂಪನಿ ‘ವಿಂಗ್‌ಮನ್’ ಎಂಬ ಸ್ಪೀಕರ್ ತಂದಿತು. ಆಯಸ್ಕಾಂತದಿಂದ ಗಾಡಿಯ ಕಂಬಕ್ಕೆ ಅಂಟುತ್ತದೆ. ಹಾಡೂ ಹಾಡುತ್ತದೆ, ಗುಂಡಿ ಒತ್ತಿದರೆ ಗ್ರೀನ್ ಎಷ್ಟು ಗಜ ದೂರ ಅಂತಲೂ ಹೇಳುತ್ತದೆ. ಗುಮಾಸ್ತೆ ಮತ್ತು ಗಾಯಕ ಎರಡೂ ಒಂದೇ ಡಬ್ಬಿಯಲ್ಲಿ!

ಈ ನಡುವೆ 2019ರ ಜನವರಿ 1ರಿಂದ ಗಾಲ್ಫ್‌ನ ನಿಯಮ ಪುಸ್ತಕವನ್ನೇ ಹೊಸದಾಗಿ ಬರೆದರು. ಅದರ 4.3ನೇ ನಿಯಮ ಹೀಗೆ ಹೇಳುತ್ತದೆ: ಪಂದ್ಯಕ್ಕೆ ಸಂಬಂಧವಿಲ್ಲದ ಸುದ್ದಿ, ಹಿನ್ನೆಲೆ ಸಂಗೀತ ಇತ್ಯಾದಿ ಕೇಳಬಹುದು. ಆದರೆ ಗದ್ದಲ ಮರೆಸಲು ಅಥವಾ ಸ್ವಿಂಗಿನ ಲಯಕ್ಕೆ ನೆರವಾಗಲು ಕೇಳುವಂತಿಲ್ಲ. ಬೇಕಾದರೆ ಪಂದ್ಯ ನಡೆಸುವವರು ಸ್ಥಳೀಯ ನಿಯಮ ಮಾಡಿ ಪೂರ್ತಿ ನಿಲ್ಲಿಸಲೂಬಹುದು.

ಇದನ್ನು ಓದಿ ನನಗೆ ನಗು ಬಂತು. ನಮ್ಮಲ್ಲಿ ಸಾಲ ಕೊಟ್ಟಮೇಲೆ ‘ಎಂಡ್ ಯೂಸ್’ ನೋಡಬೇಕು ಅಂತಾರೆ, ಅಂದರೆ ಹಸು ಕೊಳ್ಳಲು ತೆಗೆದುಕೊಂಡ ದುಡ್ಡಿನಲ್ಲಿ ಹಸುವನ್ನೇ ಕೊಂಡನೋ ಇಲ್ಲವೋ ಅಂತ. ಹಸುವನ್ನಾದರೂ ಹೋಗಿ ಎಣಿಸಬಹುದು. ಅದೇ ಹಾಡು, ಅದೇ ಮನುಷ್ಯ, ಅವನು ಖುಷಿಗೆ ಕೇಳುತ್ತಿದ್ದಾನೋ ಲಯಕ್ಕೆ ಕೇಳುತ್ತಿದ್ದಾನೋ ಅಂತ ಯಾವ ಇನ್‌ಸ್ಪೆಕ್ಟರ್ ಹೋಗಿ ನೋಡುತ್ತಾನೆ?

ಗಾಲ್ಫ್, ಆದರೆ ಜೋರಾಗಿ

ದೊಡ್ಡ ಪಂದ್ಯಗಳಲ್ಲಿ ಮೌನ ಮುರಿದದ್ದು ಮೆಲ್ಲಮೆಲ್ಲಗೆ. ಅಮೆರಿಕದ ಅರಿಝೋನಾದಲ್ಲಿ ನಡೆಯುವ ಫೀನಿಕ್ಸ್ ಓಪನ್‌ನ 16ನೇ ಕುಳಿ ಗಲಾಟೆಗೆ ಪ್ರಸಿದ್ಧ. 1997ರಲ್ಲಿ ಟೈಗರ್ ವುಡ್ಸ್ ಅಲ್ಲಿ ಒಂದೇ ಏಟಿಗೆ ಚೆಂಡನ್ನು ಕುಳಿಗೆ ಹಾಕಿದಾಗ ಜನ ಬಿಯರ್ ಲೋಟಗಳನ್ನು ಎಸೆದು ಕುಣಿದರು. ಆಮೇಲೆ ಆ ಕುಳಿಯ ಸುತ್ತ ಕ್ರೀಡಾಂಗಣವೇ ಎದ್ದಿತು. 2012ರ ರೈಡರ್ ಕಪ್‌ನಲ್ಲಿ ಬುಬ್ಬಾ ವಾಟ್ಸನ್, ತಾನು ಹೊಡೆಯುವಾಗ ಸುಮ್ಮನಿರಬೇಡಿ, ಕಿರುಚಿ ಅಂತ ಜನರಿಗೆ ಕೈಸನ್ನೆ ಮಾಡಿದ. ಎದುರಾಳಿ ಇಯಾನ್ ಪೋಲ್ಟರ್ ಕೂಡ ಹಾಗೇ ಮಾಡಿದ. ಇಬ್ಬರೂ ಸರಿಯಾಗೇ ಹೊಡೆದರು. ಒಂದೇ ಸಮನೆ ಇರುವ ದೊಡ್ಡ ಸದ್ದಿಗಿಂತ, ಮೌನದ ನಡುವೆ ಬರುವ ಒಂದು ಕೆಮ್ಮೇ ಕೆಡುಕು ಅಂತ ಅಲ್ಲಿ ಎಲ್ಲರಿಗೂ ಕಂಡಿತು. ಮುಂಬಯಿಯಲ್ಲಿ ರೈಲು ಹಳಿಯ ಪಕ್ಕ ಮನೆ ಮಾಡಿರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

2017ರಲ್ಲಿ ಲಂಡನ್ ಹತ್ತಿರದ ಸೆಂಚುರಿಯನ್ ಕ್ಲಬ್ಬಿನಲ್ಲಿ ‘ಗಾಲ್ಫ್‌ಸಿಕ್ಸಸ್’ ಎಂಬ ಆರು ಕುಳಿಗಳ ಪಂದ್ಯವನ್ನು ಸಂಗೀತದ ಜೊತೆ ನಡೆಸಿದರು. 2018ರಲ್ಲಿ ನ್ಯೂ ಆರ್ಲಿಯನ್ಸ್‌ನ ಜ್ಯೂರಿಕ್ ಕ್ಲಾಸಿಕ್‌ನಲ್ಲಿ ಆಟಗಾರರು ಮೊದಲ ಟೀಗೆ ಬರುವಾಗ ಅವರವರ ಇಷ್ಟದ ಹಾಡು ಹಾಕಿದರು. ಆಮೇಲೆ 2022ರ ಜೂನ್‌ನಲ್ಲಿ ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ದುಡ್ಡಿನಲ್ಲಿ ಎಲ್ಐವಿ ಗಾಲ್ಫ್ ಶುರುವಾಯಿತು. ಮೊದಲ ಪಂದ್ಯ ಅದೇ ಸೆಂಚುರಿಯನ್ ಕ್ಲಬ್ಬಿನಲ್ಲೇ. ರೋಮನ್ ಅಂಕಿಯಲ್ಲಿ ಎಲ್ಐವಿ ಅಂದರೆ 54, ಆಗ ಆಡುತ್ತಿದ್ದ ಕುಳಿಗಳ ಸಂಖ್ಯೆ. ಘೋಷವಾಕ್ಯ ‘ಗಾಲ್ಫ್, ಆದರೆ ಜೋರಾಗಿ’. ಆಟ ನಡೆಯುವಾಗಲೇ ಮೈದಾನದಲ್ಲಿ ಹಾಡು. 2023ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ಗೆ ಹೋದಾಗ ಜನ ಜಾತ್ರೆಯಂತೆ ಸೇರಿದರು. ಬೆಂಗಳೂರಿನಲ್ಲಿ ನೆಲೆ ಕಂಡ ನಮ್ಮ ಅನಿರ್ಬನ್ ಲಾಹಿರಿ ಕೂಡ 2022ರಲ್ಲೇ ಈ ಜೋರು ಗಾಲ್ಫ್ ಸೇರಿದರು.

ಅದಕ್ಕೆ ಒಂದು ವರ್ಷ ಮೊದಲು, 2021ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡಿದ್ದು ನೆನಪಿರಬಹುದು. ಕೊರೋನಾ ಕಾರಣ ಪ್ರೇಕ್ಷಕರೇ ಇರಲಿಲ್ಲ. ಚೀಲ ಹೊತ್ತಿದ್ದು ಅವಳ ತಾಯಿ. ಒಂದೇ ಒಂದು ಏಟಿನ ಅಂತರದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಆ ಶನಿವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನಲ್ಲಿ ಗಾಲ್ಫ್ ಅಂದರೆ ಏನೆಂದೇ ತಿಳಿಯದವರೂ ಟಿವಿ ಮುಂದೆ ಕೂತಿದ್ದರು. ಅವಳು ಪಟ್ ಮಾಡುವಾಗ ನಮ್ಮ ಮನೆಯಲ್ಲೂ ಯಾರೂ ಮಾತಾಡಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಮೌನ ಬರೀ ಕ್ಲಬ್ಬಿನವರ ಡೌಲು ಅಂದುಕೊಂಡಿದ್ದ ನನಗೆ ಅವತ್ತು ಅದರ ಬೇರೆ ಮುಖ ಕಂಡಿತು.

ಜೋರು ಮಾಡುವುದಕ್ಕೂ ಮಿತಿ ಬೇಕು ಅನ್ನುವುದೂ ಗೊತ್ತಾಗಿದೆ. 2024ರ ಫೀನಿಕ್ಸ್ ಓಪನ್‌ನಲ್ಲಿ ಜನ ಉಕ್ಕಿ ಬಾಗಿಲು ಮುಚ್ಚಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ರೈಡರ್ ಕಪ್‌ನಲ್ಲಿ ಹೊರಗಿನ ಆಟಗಾರರಿಗೆ, ಅವರ ಮನೆಯವರಿಗೆ ಕೆಟ್ಟ ಮಾತಿನ ಸುರಿಮಳೆಯಾಯಿತು.

ಕ್ಯಾಡಿ ಹೇಳಿದ ಮಾತು

ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ, ಊರಿನ ಹೆಸರು ಬೇಡ, ನಾಲ್ವರು ಗ್ರಾಹಕರ ಹಿಂದೆ ನಡೆಯುತ್ತಿದ್ದೆ. ಅವರಲ್ಲಿ ಒಬ್ಬ ಯುವಕ ಚೀಲಕ್ಕೆ ಸ್ಪೀಕರ್ ತೂಗುಹಾಕಿ ಕಿಶೋರ್ ಕುಮಾರ್ ಹಾಡು ಹಾಕಿದ. ಹಾಡು ಚೆನ್ನಾಗಿತ್ತು, ನನಗೂ ಖುಷಿಯೇ. ಹಿರಿಯರೊಬ್ಬರು ಮುಖ ಸಿಂಡರಿಸಿದರು. ಯುವಕ ನಗುತ್ತಾ, ಐವತ್ತು ದಾಟಿದ ಕ್ಯಾಡಿಯನ್ನು ಕೇಳಿದ: “ಕ್ಯೂಂ ಕಾಕಾ, ಆಪ್‌ಕೋ ತಕ್ಲೀಫ್ ಹೈ?”

ಕ್ಯಾಡಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತಿನ ಸಾರ ಇಷ್ಟು: “ಹಾಡು ಒಳ್ಳೆಯದೇ ಸಾಹೇಬ್ರೇ. ಆದರೆ ಚೆಂಡು ಮರಕ್ಕೆ ತಾಗಿತಾ, ನೀರಿಗೆ ಬಿತ್ತಾ, ಪೊದೆಗೆ ಹೋಯ್ತಾ ಅಂತ ನನಗೆ ಗೊತ್ತಾಗೋದು ಸದ್ದಿನಿಂದ. ಕಣ್ಣು ಈಗ ಅಷ್ಟು ದೂರ ಹೋಗೋದಿಲ್ಲ. ಚೆಂಡು ಕಳೆದರೆ ಬೈಗುಳ ನನಗೆ ತಾನೇ?”

ಇನ್ನೊಂದನ್ನೂ ಸೇರಿಸಿದ. ಪಕ್ಕದ ಸಾಲಿನಿಂದ ಚೆಂಡು ಹಾರಿ ಬಂದಾಗ ಹೊಡೆದವನು ‘ಫೋರ್’ ಅಂತ ಕೂಗುತ್ತಾನೆ, ತಲೆ ಉಳಿಸಿಕೊಳ್ಳಿ ಅಂತ ಅರ್ಥ. ಆ ಕೂಗು ಕೇಳದಿದ್ದರೆ ಪೆಟ್ಟು ತಿನ್ನುವುದು ಹೆಚ್ಚಾಗಿ ಮುಂದೆ ಹೋಗಿ ನಿಂತಿರುವ ಕ್ಯಾಡಿಯೇ. ಯುವಕ ಒಳ್ಳೆಯ ಹುಡುಗ, ಏನೂ ಅನ್ನದೆ ಸದ್ದು ತಗ್ಗಿಸಿದ.

ನಾನು ಓದಿದ ಅಷ್ಟೂ ನಿಯಮಗಳಲ್ಲಿ ಈ ಮಾತು ಇರಲಿಲ್ಲ. ನಿಯಮ ಪುಸ್ತಕ ಕೇಳುವುದು, ಹಾಡಿನಿಂದ ನಿನಗೆ ಲಾಭ ಆಯಿತೇ ಅಂತ. ಮರ್ಯಾದೆಯ ಪಾಠ ಕೇಳುವುದು, ಜೊತೆಯ ಆಟಗಾರನಿಗೆ ತೊಂದರೆ ಆಯಿತೇ ಅಂತ. ಚೀಲ ಹೊತ್ತವನ ಕಿವಿಯ ಲೆಕ್ಕ ಎರಡೂ ಖಾತೆಯಲ್ಲಿ ಬರುವುದಿಲ್ಲ. ಆಟ ಬಲ್ಲವರು ಕ್ಯಾಡಿಗಳಲ್ಲಿ ಎಷ್ಟು ಜನ! ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಶುರುಮಾಡಿದ ನಮ್ಮ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು.

ಸದ್ದಿನ ಬಗ್ಗೆ ನಾನು ಮಡಿವಂತನಲ್ಲ. ರಾತ್ರಿಯಿಡೀ ದೂರದ ಬಯಲಾಟದ ಚಂಡೆ ಕೇಳುತ್ತಾ ಮಲಗಿ ಬೆಳೆದವನು. ಆ ಸದ್ದು ಇಡೀ ಊರಿಗೆ ಸೇರಿದ್ದು, ಯಾರೂ ಒಬ್ಬರ ಮೇಲೆ ಒಬ್ಬರು ಹೇರಿದ್ದಲ್ಲ. ಆದರೂ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದ ಮೇಲೆ ಯಕ್ಷಗಾನ ಮೇಳಗಳೂ ಕಾಲಮಿತಿಯ ಆಟದ ಬಗ್ಗೆ ಯೋಚಿಸಬೇಕಾಯಿತು. ಇಲ್ಲಿ ಮುಂಬಯಿ ಲೋಕಲ್ ರೈಲಿನಲ್ಲಿ ಬೆಳಿಗ್ಗೆ ಭಜನಾ ಮಂಡಳಿಯವರು ತಾಳ ಕುಟ್ಟಿ ಹಾಡುತ್ತಾರೆ. ಕೆಲವರು ಕೈತಟ್ಟುತ್ತಾರೆ, ರಾತ್ರಿ ಪಾಳಿ ಮುಗಿಸಿ ಬಂದವನು ಕಿವಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಾನೆ. ಮೂವತ್ತು ವರ್ಷ ನೋಡಿದ್ದೇನೆ, ಅದು ಹೇಗೋ ನಡೆದುಕೊಂಡು ಹೋಗುವುದು ಒಂದೇ ಕಾರಣಕ್ಕೆ: ಯಾರಾದರೂ ಎದ್ದು “ಭಾವೂ, ಜರಾ ಹಳೂ” ಅಂದರೆ ಹೆಚ್ಚಿನ ಮಂಡಳಿಗಳು ತಗ್ಗಿಸುತ್ತವೆ.

ಆದ್ದರಿಂದ ಗಾಲ್ಫ್ ಮೈದಾನದಲ್ಲಿ ಹಾಡು ಬೇಡವೇ ಬೇಡ ಅನ್ನುವವರ ಪಕ್ಷ ನನ್ನದಲ್ಲ. ಡೋಲು ಬಾರಿಸಿ ಶುರುವಾದ ಆಟಕ್ಕೆ ಹಾಡಿನಿಂದ ಮೈಲಿಗೆಯಾಗುವುದಿಲ್ಲ. ಆದರೆ ಹಾಡು ಹಾಕುವ ಮೊದಲು ಜೊತೆಯವರನ್ನು ಒಂದು ಮಾತು ಕೇಳಲಿ, ಜೊತೆಯವರು ಅನ್ನುವಾಗ ಚೀಲ ಹೊತ್ತವನನ್ನೂ ಸೇರಿಸಿ ಎಣಿಸಲಿ. ಪಕ್ಕದ ಸಾಲಿಗೆ ಕೇಳದಷ್ಟು ಇರಲಿ. ‘ಫೋರ್’ ಅಂದರೆ ಕೇಳುವಷ್ಟು ಇರಲಿ. ಇಷ್ಟಕ್ಕೆ ಹೊಸ ನಿಯಮ ಪುಸ್ತಕವೇನೂ ಬೇಡ.

ನಿಮ್ಮೂರ ಪಾರ್ಕಿನಲ್ಲಿ, ರೈಲಿನಲ್ಲಿ, ವಾಕಿಂಗ್ ಹಾದಿಯಲ್ಲಿ ಹೇಗಿದೆ? ಹಾಡು ಹಾಕುವವರ ಕಡೆಯವರೋ, ಕಿವಿ ಮುಚ್ಚಿಕೊಳ್ಳುವವರ ಕಡೆಯವರೋ? ಬರೆದು ತಿಳಿಸಿ.